ಹತ್ತು ಪತ್ರಗಳ ಇಲಾಜು

ನಾನು ಥೆರಪಿ ತಗೊಂಡಿದ್ದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ. ಮೇಲೆ ಎರಡು ಬೆಡ್‌ರೂಮಿನ ಮನೆ. ಒಂದರಲ್ಲಿ ಅಪ್ಪ ಅಮ್ಮ, ಇನ್ನೊಂದರಲ್ಲಿ ಹೆಡ್‌ಸೆಟ್ ಹಾಕ್ಕೊಂಡ ತಂಗಿ, ನಡುಮನೆಯ ದಿವಾನದ ಮೇಲೆ ನಾನು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಬಾಲ್ಕನಿಯಲ್ಲಿರೋರಿಗೆ ಸೀನು ಬರುತ್ತೆ, ಅಂಥ ಮನೆ. ಅಲ್ಲಿ ಕೂತು ಮನಸ್ಸಿನೊಳಗಿನ ಮಾತು ಆಡೋದು ಹೇಗೆ? ಹಾಗಾಗಿ ಪ್ರತಿ ಮಂಗಳವಾರ ಸಂಜೆ ಏಳಕ್ಕೆ, ‘ಕಾರ್ ಒಂದ್ಸಲ ಸ್ಟಾರ್ಟ್ ಮಾಡಿ ಬರ್ತೀನಿ ಅಮ್ಮಾ, ಬ್ಯಾಟರಿ ಇಳಿದುಬಿಡತ್ತೆ’ ಅಂತ ಸುಳ್ಳು ಹೇಳಿ ಕೆಳಗೆ ಹೋಗುತ್ತಿದ್ದೆ. ಎರಡು ಕಡ್ಡಿ ನೆಟ್‌ವರ್ಕ್ ಸಿಗುವ ಒಂದೇ ಒಂದು ಮೂಲೆ ಇತ್ತು. ಅಲ್ಲಿ ಕಾರ್ ನಿಲ್ಲಿಸಿ, ಫೋನನ್ನು ಸ್ಟೀರಿಂಗಿಗೆ ಒರಗಿಸಿ, ಗುರುಗ್ರಾಮದಲ್ಲಿ ಕೂತಿದ್ದ ಒಬ್ಬರು ಡಾಕ್ಟರಮ್ಮನ ಜೊತೆ ಮಾತು.

ಆದದ್ದು ಇಷ್ಟು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರಾತ್ರಿ ಬಸ್ಸು ಶಿರಾ ದಾಟಿದ ಮೇಲೆ ನಿಂತಿದ್ದ ಲಾರಿಗೆ ಹೊಡೆಯಿತು. ನನಗೆ ಹಣೆಯ ಮೇಲೆ ನಾಲ್ಕು ಹೊಲಿಗೆ. ಮುಂದಿನ ಸೀಟಿನಲ್ಲಿದ್ದವರು ಉಳಿಯಲಿಲ್ಲ. ಹೊಲಿಗೆ ಹತ್ತು ದಿನಕ್ಕೆ ಬಿಚ್ಚಿದರು. ಆದರೆ ಆರು ತಿಂಗಳಾದ ಮೇಲೂ ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ಲೋಟ ಬೀಳಿಸಿದರೆ ನಾನು ಮೇಜಿನ ಕೆಳಗೆ ಇರುತ್ತಿದ್ದೆ. ರಾತ್ರಿ ಎರಡೂವರೆಗೆ, ಅಂದರೆ ಆಕ್ಸಿಡೆಂಟ್ ಆದ ಸರಿಯಾದ ಹೊತ್ತಿಗೆ, ಅಲಾರಂ ಇಟ್ಟ ಹಾಗೆ ಎಚ್ಚರ. ಅಮ್ಮ ಮೊದಲನೇ ದಿನವೇ ರೋಗ ಹಿಡಿದಿದ್ದರು: ‘ಬೆಚ್ಚಿದಾನೆ ಕಣ್ರೀ’ ಅಂತ ಅಪ್ಪನಿಗೆ ಹೇಳಿ, ಆಂಜನೇಯನ ಗುಡಿಯಿಂದ ತಾಯತ ತಂದು ಕಟ್ಟಿದರು. ಆಮೇಲೆ ಸಿಕ್ಕ ನಾಲ್ಕು ಅಕ್ಷರದ ಇಂಗ್ಲಿಷ್ ಹೆಸರಿಗಿಂತ ಅಮ್ಮನ ಆ ‘ಬೆಚ್ಚು’ ಅನ್ನೋ ಪದವೇ ಹೆಚ್ಚು ಸರಿ ಅಂತ ನನಗೆ ಇವತ್ತಿಗೂ ಅನ್ನಿಸುತ್ತೆ.

ನಿದ್ದೆ ಬಾರದವನು ಏನು ಮಾಡ್ತಾನೆ? ಓದ್ತಾನೆ. ನಾನು ಕಾರಿನಲ್ಲಿ ಕೂತು ಮಾಡ್ತಿರೋ ಈ ವ್ಯವಹಾರ ಎಲ್ಲಿ ಶುರುವಾಯಿತು ಅಂತ ಹುಡುಕುತ್ತಾ ಹೋದೆ. ಆನ್‌ಲೈನ್ ಥೆರಪಿ ಅಂದರೆ ಕೋವಿಡ್ ಕಾಲದಲ್ಲಿ, ದಿನಸಿ ಆ್ಯಪ್‌ಗಳ ಬೆನ್ನಿಗೇ ಬಂದ ಸರಕು ಅಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿರಬಹುದು. ಅಲ್ಲ. ಅದರ ಹಿಂದೆ ದೊಡ್ಡ ಕತೆಯೇ ಇದೆ.

ಮೊದಲು ಈ ಕಾಯಿಲೆಯ ಹೆಸರುಗಳ ಕತೆ. ಇದನ್ನು ಬೇಗ ಮುಗಿಸುತ್ತೇನೆ, ಯಾಕಂದರೆ ಇದು ಬಹಳ ಕಡೆ ಸಿಗುತ್ತದೆ. ಇಂಗ್ಲೆಂಡಿನಲ್ಲಿ ರೈಲು ಬಂತು, ರೈಲಿನ ಜೊತೆ ಅಪಘಾತವೂ ಬಂತು. ಮೈಮೇಲೆ ಗಾಯವಿಲ್ಲದಿದ್ದರೂ ನಡುಗುವವರು, ನಿದ್ದೆಗೆಟ್ಟವರು ಡಾಕ್ಟರ ಹತ್ತಿರ ಬರತೊಡಗಿದರು. 1866ರಲ್ಲಿ ಜಾನ್ ಎರಿಕ್ ಎರಿಕ್ಸನ್ ಎಂಬ ಸರ್ಜನ್ ಇದರ ಬಗ್ಗೆ ಪುಸ್ತಕವನ್ನೇ ಬರೆದ. ಬೆನ್ನುಹುರಿಗೆ ಪೆಟ್ಟಾಗಿದೆ ಅನ್ನೋದು ಅವನ ವಾದ. ಜನ ಅದನ್ನು ‘ರೈಲ್ವೆ ಸ್ಪೈನ್’ ಅಂದರು. ರೈಲ್ವೆ ಕಂಪನಿಗಳ ವಕೀಲರು ‘ಪರಿಹಾರದ ದುಡ್ಡಿಗಾಗಿ ನಾಟಕ’ ಅಂದರು. ಕಣ್ಣಿಗೆ ಕಾಣದ ಗಾಯಕ್ಕೆ ಇನ್ಶೂರೆನ್ಸ್ ಕೇಳಿ ನೋಡಿದವರಿಗೆ ಈ ವಾದ ಹೊಸದೇನೂ ಅಲ್ಲ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರು ಸೈನಿಕರ ಬಗ್ಗೆ ಬರೆಯುತ್ತಾ ‘ಶೆಲ್ ಶಾಕ್’ ಎಂಬ ಮಾತು ಬಳಸಿದ. ಆ ಹೆಸರು ತಪ್ಪು ದಾರಿ ಹಿಡಿಸುತ್ತೆ ಅಂತ ಆಮೇಲೆ ಅವನಿಗೇ ಅನ್ನಿಸಿತು. ಆದರೆ ಹೆಸರು ಅಷ್ಟೊತ್ತಿಗೆ ಕೈಬಿಟ್ಟು ಹೋಗಿತ್ತು. ಅದೇ ಯುದ್ಧದಲ್ಲಿ ಹೇಡಿತನ, ಪಲಾಯನದಂಥ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನ ಸೈನಿಕರನ್ನೇ ಗುಂಡಿಕ್ಕಿ ಕೊಂದಿತ್ತು. ಅಂಥ 306 ಜನರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ.

ಆ ಕಾಲದ ಒಬ್ಬರ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಡಬ್ಲ್ಯೂ. ಎಚ್. ಆರ್. ರಿವರ್ಸ್. ನಮ್ಮ ಪಕ್ಕದ ನೀಲಗಿರಿಗೆ ಬಂದು ತೋಡರ ನಡುವೆ ಇದ್ದು, ಅವರ ವಂಶಾವಳಿಗಳನ್ನೆಲ್ಲ ಕೇಳಿ ಬರೆದುಕೊಂಡು, 1906ರಲ್ಲಿ ‘ದಿ ತೋಡಾಸ್’ ಪುಸ್ತಕ ತಂದವರು ಇವರೇ. ಮದುವೆಗೋ ಆಫೀಸಿನ ಔಟಿಂಗಿಗೋ ಊಟಿಗೆ ಹೋದಾಗ ನೆನಪಿಟ್ಟುಕೊಳ್ಳಿ. ಯುದ್ಧ ಬಂದಾಗ ರಿವರ್ಸ್ ಎಡಿನ್‌ಬರೋ ಹತ್ತಿರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಮನಸ್ಸು ಮುರಿದ ಸೇನಾಧಿಕಾರಿಗಳಿಗೆ ಡಾಕ್ಟರಾದರು. ಸೀಗ್‌ಫ್ರೀಡ್ ಸಸೂನ್ ಎಂಬ ಕವಿ 1917ರಲ್ಲಿ ಅವರ ಪೇಷಂಟು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಲೂಯಿಸ್ ಯೆಲ್ಯಾಂಡ್ ಎಂಬ ಡಾಕ್ಟರು ಮಾತು ನಿಂತುಹೋದ ಸಾಮಾನ್ಯ ಸಿಪಾಯಿಗಳ ಗಂಟಲಿಗೆ ಕರೆಂಟು ಕೊಡುತ್ತಿದ್ದ. ಅಧಿಕಾರಿಗೆ ಮಾತುಕತೆ, ಸಿಪಾಯಿಗೆ ಕರೆಂಟು. ಯಾರಿಗೆ ಯಾವ ಚಿಕಿತ್ಸೆ ಸಿಗುತ್ತೆ ಅನ್ನೋದರಲ್ಲಿ ಗ್ರೇಡು, ಬ್ಯಾಂಡು ಆಗಲೂ ಇತ್ತು ನೋಡಿ.

ರಿವರ್ಸ್ ಹೇಳಿದ್ದು ಸರಳವಾದ ಸಂಗತಿ. ಆಗ ಎಲ್ಲರೂ ಸೈನಿಕರಿಗೆ ಕೊಡುತ್ತಿದ್ದ ಸಲಹೆ, ಅದನ್ನೆಲ್ಲ ಮರೆತುಬಿಡು, ಬೇರೆ ಏನಾದರೂ ಯೋಚನೆ ಮಾಡು ಅಂತ. ರಿವರ್ಸ್ 1917ರ ಡಿಸೆಂಬರಿನಲ್ಲಿ ಓದಿದ ಪ್ರಬಂಧದಲ್ಲಿ, ಹಗಲು ಅದುಮಿಟ್ಟದ್ದೇ ರಾತ್ರಿ ಎದ್ದು ಬರುತ್ತದೆ ಎಂದು ತೋರಿಸಿದರು. ಹಗಲಿಡೀ ಅದನ್ನೇ ಮೆಲುಕು ಹಾಕಬೇಕು ಅಂತಲೂ ಅವರು ಹೇಳಲಿಲ್ಲ. ನಡುವಿನ ದಾರಿ ಒಂದಿದೆ: ಆದದ್ದನ್ನು ನೇರವಾಗಿ ನೋಡು, ನೋಡುವುದಕ್ಕೆ ಒಬ್ಬರು ಜೊತೆಗಿರಲಿ. ಈಗಿನ ಎಲ್ಲ ಟ್ರಾಮಾ ಥೆರಪಿಗಳ ಬೇರು ಹೆಚ್ಚುಕಡಿಮೆ ಈ ಮಾತಿನಲ್ಲೇ ಇದೆ. ನನ್ನ ನೆಂಟರೆಲ್ಲ ಆಸ್ಪತ್ರೆಗೆ ಬಂದು ಹೇಳಿದ್ದೂ ‘ಮರೆತುಬಿಡಪ್ಪಾ, ದೇವರು ದೊಡ್ಡವನು’ ಅಂತಲೇ. ನೂರು ವರ್ಷವಾದರೂ ಆ ಸಲಹೆ ರಿಟೈರ್ ಆಗಿಲ್ಲ.

ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಅಮೆರಿಕನ್ ಸೈನಿಕರು, ಅವರ ಜೊತೆ ನಿಂತ ಚಾಯಿಂ ಶಾಟನ್, ರಾಬರ್ಟ್ ಲಿಫ್ಟನ್ ಮೊದಲಾದ ಮನೋವೈದ್ಯರು ವರ್ಷಗಟ್ಟಲೆ ಜಗಳವಾಡಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೇ ಆವೃತ್ತಿಯೊಳಗೆ ‘ಪಿಟಿಎಸ್‌ಡಿ’ ಸೇರಿತು. ಹೆಸರಿನ ಕತೆ ಅಲ್ಲಿಗೆ ಸಾಕು.

ದೂರದಿಂದ ಚಿಕಿತ್ಸೆ ಕೊಡುವ ಕತೆ ಇನ್ನೊಂದು ಕಡೆಯಿಂದ ಬರುತ್ತದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಊರು ಊರಿಗೆ ನಡುವೆ ಬರೀ ಜೋಳದ ಹೊಲ. ಮನೋವೈದ್ಯರು ಇದ್ದದ್ದು ಒಮಾಹಾ ನಗರದಲ್ಲಿ. ಅಲ್ಲಿನ ಸೆಸಿಲ್ ವಿಟ್ಸನ್ ಎಂಬ ವೈದ್ಯರು 1959ರಲ್ಲೇ ಎರಡೂ ಕಡೆ ಕ್ಯಾಮೆರಾ, ಎರಡೂ ಕಡೆ ಟೀವಿ ಇಟ್ಟು ಗ್ರೂಪ್ ಥೆರಪಿ ಮಾಡಿಸಿದರು. 1964ರ ಹೊತ್ತಿಗೆ 112 ಮೈಲಿ ದೂರದ ನಾರ್ಫೋಕ್ ಎಂಬ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಟೀವಿ ಲಿಂಕ್ ಹಾಕಿಸಿದರು. ಬೆಂಗಳೂರಿನಿಂದ ಚನ್ನಪಟ್ಟಣ, ಮಂಡ್ಯ, ಮೈಸೂರು ದಾಟಿ ಇನ್ನೂ ಸ್ವಲ್ಪ ಮುಂದೆ ಹೋದಷ್ಟು ದೂರ. ನಮ್ಮಲ್ಲಿ ಟೀವಿಯೇ ಅಪರೂಪವಾಗಿದ್ದ ಕಾಲದಲ್ಲಿ ಅಲ್ಲಿ ಝೂಮ್ ಕಾಲ್ ನಡೀತಿತ್ತು ಅನ್ನಿ. 1973ರಲ್ಲಿ ಬಾಸ್ಟನ್ನಿನ ಥಾಮಸ್ ಡ್ವಯರ್ ಇದಕ್ಕೆ ‘ಟೆಲಿಸೈಕಿಯಾಟ್ರಿ’ ಅಂತ ಹೆಸರಿಟ್ಟರು.

ಇನ್ನೊಂದು ಎಳೆ ಕಂಪ್ಯೂಟರಿನದು. 1966ರಲ್ಲಿ ಎಂಐಟಿಯ ಜೋಸೆಫ್ ವೈಝನ್‌ಬಾಮ್ ‘ಎಲೈಝಾ’ ಎಂಬ ಪ್ರೋಗ್ರಾಮ್ ಬರೆದರು. ನೀವು ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವುದು, ಅಷ್ಟೇ ಅದರ ಬುದ್ಧಿ. ಆದರೆ ಅವರ ಸೆಕ್ರೆಟರಿ, ಆ ಪ್ರೋಗ್ರಾಮ್ ಬರೆಯೋದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದವರು, ಅದರ ಜೊತೆ ಎರಡು ಮಾತು ಟೈಪ್ ಮಾಡಿದ್ದೇ ತಡ, ‘ಸ್ವಲ್ಪ ಹೊರಗಡೆ ಇರ್ತೀರಾ’ ಅಂತ ವೈಝನ್‌ಬಾಮರನ್ನೇ ಕೇಳಿದರಂತೆ. ಹುಡುಗನಾಗಿದ್ದಾಗ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಮನುಷ್ಯ ಅವರು. ತಾನು ಮಾಡಿದ್ದನ್ನು ನೋಡಿ ತಾನೇ ಹೆದರಿ, ಯಂತ್ರಕ್ಕೆ ಯಾವ ಕೆಲಸ ವಹಿಸಬಾರದು ಅಂತ 1976ರಲ್ಲಿ ಪುಸ್ತಕವನ್ನೇ ಬರೆದರು. ಇವತ್ತು ರಾತ್ರಿ ಎರಡೂವರೆಗೆ ಚಾಟ್‌ಬಾಟಿನ ಹತ್ತಿರ ಅಳುವವರನ್ನು ನಾನು ಬಲ್ಲೆ. ನಾನೂ ಅತ್ತಿದ್ದೇನೆ. ಆ ಸೆಕ್ರೆಟರಿಯನ್ನು ನೋಡಿ ನಗುವ ಹಕ್ಕು ನನಗಿಲ್ಲ.

ಈಗ ಈ ಕತೆಯ ನನ್ನ ಇಷ್ಟದ ಭಾಗ. ಡಲ್ಲಸ್ಸಿನ ಒಂದು ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಪೆನ್ನಿಬೇಕರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿನಿ ಸಾಂಡ್ರಾ ಬೀಲ್ ಜೊತೆ ಸೇರಿ ಒಂದು ಚಿಕ್ಕ ಪ್ರಯೋಗ ಮಾಡಿ 1986ರಲ್ಲಿ ಪ್ರಕಟಿಸಿದರು. 46 ಕಾಲೇಜು ಹುಡುಗ ಹುಡುಗಿಯರು. ನಾಲ್ಕು ದಿನ, ದಿನಕ್ಕೆ 15 ನಿಮಿಷ, ಒಂದು ಕೋಣೆಯಲ್ಲಿ ಒಬ್ಬರೇ ಕೂತು ಬರೆಯಬೇಕು. ಕೆಲವರಿಗೆ ಹೀಗೇ ಏನಾದರೂ ಸಾಧಾರಣ ವಿಷಯ. ಉಳಿದವರಿಗೆ ತಮ್ಮ ಬದುಕಿನ ಅತ್ಯಂತ ಕೆಟ್ಟ ಅನುಭವ. ಕೆಟ್ಟದ್ದನ್ನು ಬರೆದವರು ಕೋಣೆಯಿಂದ ಹೊರಬರುವಾಗ ಇನ್ನೂ ಕುಗ್ಗಿಹೋಗಿದ್ದರು. ಆದರೆ ಮುಂದಿನ ತಿಂಗಳುಗಳಲ್ಲಿ, ಆದದ್ದನ್ನೂ ಆಗ ತಮಗೆ ಅನ್ನಿಸಿದ್ದನ್ನೂ ಕೂಡಿಸಿ ಬರೆದವರು ಕ್ಯಾಂಪಸ್ಸಿನ ಡಾಕ್ಟರ ಬಳಿಗೆ ಹೋಗಿದ್ದು ಉಳಿದವರಿಗಿಂತ ಕಡಿಮೆ. ಬರೆಯುವಾಗ ಹದಗೆಡುತ್ತೆ, ಆಮೇಲೆ ಹದವಾಗುತ್ತೆ. ಈ ಅನುಕ್ರಮ ಗೊತ್ತಿಲ್ಲದೆ ಮೊದಲ ದಿನವೇ ಬಿಟ್ಟುಬಿಡುವವರು ಬಹಳ ಜನ. ನಾನೂ ಎರಡನೇ ಮಂಗಳವಾರ ಬಿಟ್ಟುಬಿಡೋಣ ಅಂತಿದ್ದೆ.

ಅದೇ ದಾರಿಯಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಆಲ್ಫ್ರೆಡ್ ಲಾಂಗೆ ಎಂಬ ಪ್ರೊಫೆಸರ್ ಇದ್ದರು. ತಮ್ಮ ಪೇಷಂಟುಗಳಿಗೆ ಮನೆಯಲ್ಲಿ ಬರೆದು ತನ್ನಿ ಅಂತ ಕೆಲಸ ಕೊಡುವುದು ಅವರ ರೂಢಿ. 1990ರ ದಶಕದ ಕೊನೆ. ಮೋಡೆಮ್ ಕಿರುಚಿಕೊಂಡು ಕನೆಕ್ಟ್ ಆಗುವ ಕಾಲ. ಲಾಂಗೆ ಮತ್ತು ಅವರ ತಂಡಕ್ಕೆ ಅನ್ನಿಸಿತು: ಪೇಷಂಟು ಬರೆದದ್ದನ್ನು ಕೈಯಲ್ಲಿ ಹಿಡಿದು ಕ್ಲಿನಿಕ್ಕಿಗೇ ಯಾಕೆ ಬರಬೇಕು? ವೆಬ್‌ಸೈಟಿನಲ್ಲೇ ಬರೆಯಲಿ, ಥೆರಪಿಸ್ಟ್ ಅಲ್ಲೇ ಓದಿ ಉತ್ತರ ಬರೆಯಲಿ. ಹೆಸರು ‘ಇಂಟರಾಪಿ’. ವಿಡಿಯೋ ಇಲ್ಲ, ಧ್ವನಿ ಇಲ್ಲ. ಪೇಷಂಟೂ ಥೆರಪಿಸ್ಟೂ ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ.

ವಿಧಾನ ಬಹಳ ಕಟ್ಟುನಿಟ್ಟು. ಐದು ವಾರ. ವಾರಕ್ಕೆ ಎರಡು ಸಲ, ಪ್ರತಿ ಸಲ 45 ನಿಮಿಷ. ಒಟ್ಟು ಹತ್ತು ಬರಹ. ಯಾವ ದಿನ ಎಷ್ಟು ಗಂಟೆಗೆ ಕೂರುತ್ತೀರಿ ಅಂತ ಮೊದಲೇ ಹೇಳಿಬಿಡಬೇಕು. ಮೊದಲ ನಾಲ್ಕು ಬರಹಗಳಲ್ಲಿ ಆದದ್ದನ್ನು ಬರೆಯಬೇಕು. ‘ಅವತ್ತು ಹೀಗಾಗಿತ್ತು’ ಅಂತಲ್ಲ, ‘ಈಗ ಹೀಗಾಗುತ್ತಿದೆ’ ಅಂತ, ವರ್ತಮಾನದಲ್ಲಿ, ‘ನಾನು’ ಅಂತಲೇ. ಏನು ಕಂಡಿತು, ಏನು ಕೇಳಿಸಿತು, ಯಾವ ವಾಸನೆ ಬಂತು, ಎಲ್ಲ ಬರಬೇಕು. ಕಾಗುಣಿತ, ವ್ಯಾಕರಣ ನೋಡೋ ಹಾಗಿಲ್ಲ. ಯಾವ ಕ್ಷಣವನ್ನು ನೆನೆಯೋಕೆ ಭಯವೋ ಆ ಕ್ಷಣಕ್ಕೇ ಮತ್ತೆ ಮತ್ತೆ ಹೋಗಬೇಕು. ಮುಂದಿನ ನಾಲ್ಕು ಬರಹಗಳಲ್ಲಿ ಜಾಗ ಬದಲಾಗುತ್ತದೆ. ನಿಮ್ಮ ಪ್ರೀತಿಯ ಗೆಳೆಯನಿಗೋ ಗೆಳತಿಗೋ ಇದೇ ಆಗಿದೆ ಅಂದುಕೊಳ್ಳಿ, ಅವರು ‘ತಪ್ಪು ನನ್ನದೇ’ ಅಂತ ಕೂತಿದ್ದಾರೆ, ಅವರಿಗೊಂದು ಕಾಗದ ಬರೆಯಿರಿ. ಬೇರೆಯವರಿಗೆ ಸಮಾಧಾನ ಹೇಳುವಾಗ ನಮಗೆ ಎಲ್ಲಿಂದಲೋ ವಿವೇಕ ಬಂದುಬಿಡುತ್ತೆ, ಗೊತ್ತಲ್ಲ? ಆ ವಿವೇಕವನ್ನು ಮೆಲ್ಲಗೆ ನಮ್ಮ ಕಡೆಗೇ ತಿರುಗಿಸುವ ಉಪಾಯ ಇದು. ಕೊನೆಯ ಎರಡು ಬರಹ ಬೀಳ್ಕೊಡುಗೆ. ಗೌರವದಿಂದ ಬರೆದ ಒಂದು ಪತ್ರ. ನಿಮಗೇ ಬರೆದುಕೊಳ್ಳಬಹುದು, ಆ ಘಟನೆಯಲ್ಲಿದ್ದ ಇನ್ನೊಬ್ಬರಿಗೆ ಬರೆಯಬಹುದು. ಕಳಿಸಲೇಬೇಕು ಅಂತಿಲ್ಲ.

ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ ಅನ್ನೋದನ್ನೂ ಹೇಳಬೇಕು. ಶುರುವಿನಲ್ಲೇ ಉದ್ದದ ಪ್ರಶ್ನಾವಳಿ. ಜೀವ ತೆಗೆದುಕೊಳ್ಳುವ ಯೋಚನೆಯಲ್ಲಿರುವವರು, ಭ್ರಮೆ ಕಾಣುವವರು, ವ್ಯಸನದಲ್ಲಿ ಮುಳುಗಿದವರನ್ನು ಅಲ್ಲೇ ತಡೆದು, ನಿಮಗೆ ಎದುರು ಕೂತು ನೋಡುವ ವೈದ್ಯರು ಬೇಕು ಅಂತ ಹೇಳುತ್ತಿದ್ದರು. ಮೊದಲು ಅಲ್ಲಿನ ವಿದ್ಯಾರ್ಥಿಗಳ ಮೇಲೆ, ಆಮೇಲೆ ಹೊರಗಿನ ಜನರ ಮೇಲೆ ಪರೀಕ್ಷೆ ಮಾಡಿ 2001 ಮತ್ತು 2003ರಲ್ಲಿ ಪ್ರಕಟಿಸಿದರು. ಕಾಯುವ ಪಟ್ಟಿಯಲ್ಲಿದ್ದವರಿಗೆ ಹೋಲಿಸಿದರೆ ಬರೆದವರ ಲಕ್ಷಣಗಳು ಚೆನ್ನಾಗಿಯೇ ಇಳಿದಿದ್ದವು.

ಮುಖ ಕಾಣದೆ ನಂಬಿಕೆ ಹುಟ್ಟುವುದು ಹೇಗೆ ಅಂತ ಎಲ್ಲರಿಗೂ ಅನುಮಾನ. ಜ್ಯೂರಿಕ್‌ನಲ್ಲಿ ಕ್ರಿಸ್ಟೀನ್ ಕ್ನೇವೆಲ್ಸ್‌ರುಡ್ ಮತ್ತು ಆಂಡ್ರಿಯಾಸ್ ಮೇರ್ಕರ್ ಇದೇ ವಿಧಾನವನ್ನು ಜರ್ಮನ್ ಭಾಷೆಗೆ ತಂದು, 96 ಜನರ ಮೇಲೆ ಪರೀಕ್ಷಿಸಿ, 2007ರಲ್ಲಿ ಬರೆದರು: ಪೇಷಂಟು ಮತ್ತು ಥೆರಪಿಸ್ಟ್ ನಡುವಿನ ನಂಟು ಗಟ್ಟಿಯಾಗಿಯೇ ಬೆಳೆದಿತ್ತು. ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ನಾಚಿಕೆ ಅನ್ನೋದು ಕಣ್ಣಿನಲ್ಲಿರುತ್ತೆ. ಎದುರಿಗಿರೋರ ಕಣ್ಣು ಇಲ್ಲದಿದ್ದಾಗ ಬೆರಳು ಧೈರ್ಯ ಮಾಡುತ್ತೆ. ಕತ್ತಲಲ್ಲಿ, ಟೆರೇಸಿನ ಮೇಲೆ ಪಕ್ಕಪಕ್ಕ ಮಲಗಿದಾಗ ಕಸಿನ್‌ಗಳ ಹತ್ತಿರ ಎಂಥೆಂಥ ಮಾತು ಆಡಿಲ್ಲ ನಾವು!

ಇಲ್ಲಿಂದ ಕತೆ ಬಾಗ್ದಾದಿಗೆ ಹೋಗುತ್ತದೆ. 2003ರ ಯುದ್ಧದ ಮೇಲೆ ಇರಾಕಿನಲ್ಲಿ ಬಾಂಬು, ಅಪಹರಣ ದಿನನಿತ್ಯದ ಮಾತಾಗಿತ್ತು. ಎಷ್ಟೋ ಡಾಕ್ಟರುಗಳು ದೇಶ ಬಿಟ್ಟಿದ್ದರು. ಉಳಿದ ಕ್ಲಿನಿಕ್ಕಿಗೆ ಹೋಗಬೇಕೆಂದರೂ ದಾರಿಯಲ್ಲಿ ಚೆಕ್‌ಪಾಯಿಂಟು. ಬರ್ಲಿನ್ನಿನಲ್ಲಿ ಚಿತ್ರಹಿಂಸೆಗೆ ಒಳಗಾದವರಿಗಾಗಿಯೇ ಇರುವ ಒಂದು ಚಿಕಿತ್ಸಾ ಕೇಂದ್ರದ ಮೂಲಕ ಕ್ನೇವೆಲ್ಸ್‌ರುಡ್ ಅವರ ತಂಡ ಆಮ್‌ಸ್ಟರ್‌ಡ್ಯಾಮಿನ ಅದೇ ಹತ್ತು ಬರಹಗಳನ್ನು ಅರಬ್ಬಿಗೆ ತಂದಿತು. ಹೆಸರು ‘ಇಲಾಜ್ ನಫ್ಸಿ’, ಮನಸ್ಸಿನ ಚಿಕಿತ್ಸೆ ಅಂತ ಅರ್ಥ. ‘ಇಲಾಜು’ ನಮಗೂ ಗೊತ್ತಿರುವ ಮಾತೇ. ಉತ್ತರ ಕರ್ನಾಟಕದ ನಮ್ಮಜ್ಜಿ ‘ಇದಕ್ಕೇನಾರ ಇಲಾಜ ಐತೇನಪಾ’ ಅಂತಲೇ ಕೇಳುತ್ತಿದ್ದಳು. ಅರಬ್ಬಿಯಿಂದ ಹೊರಟ ಪದ ಉರ್ದು ಹಿಡಿದು ಹುಬ್ಬಳ್ಳಿಗೆ ಬಂದಿತ್ತು.

ಅನುವಾದ ಮಾಡಿದರೆ ಮುಗಿಯಲಿಲ್ಲ. ಥೆರಪಿಸ್ಟುಗಳು ಹುಟ್ಟಿನಿಂದ ಅರಬ್ಬಿ ಆಡುವವರೇ ಆಗಿರಬೇಕಿತ್ತು. ಅವರಲ್ಲಿ ಕೆಲವರು ಬೇರೆ ಬೇರೆ ದೇಶಗಳಲ್ಲಿ ಕೂತು ಓದಿ ಉತ್ತರಿಸುತ್ತಿದ್ದರು. ಬಾಗ್ದಾದಿನಲ್ಲಿ ಒಬ್ಬಾಕೆ ಕರೆಂಟು ಬಂದಾಗ ಕೂತು ಬರೆದದ್ದನ್ನು ಸಾವಿರಾರು ಮೈಲಿ ಆಚೆ ಇನ್ನೊಬ್ಬಾಕೆ ಅದೇ ಭಾಷೆಯಲ್ಲಿ ಓದುವುದು, ಈ ಚಿತ್ರ ನನ್ನನ್ನು ಬಹಳ ದಿನ ಬಿಡಲಿಲ್ಲ. ಇಲ್ಲಿ ದೊಡ್ಡದೊಂದು ಪ್ರಶ್ನೆಯೂ ಇತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಬರೆಯುವವರಿಗೆ ಆಘಾತ ಮುಗಿದುಹೋದ ಸಂಗತಿ. ಬಾಗ್ದಾದಿನಲ್ಲಿ ಅದು ಮುಗಿದಿರಲೇ ಇಲ್ಲ, ನಾಳೆಯೂ ಬಾಂಬು ಬೀಳಬಹುದು. ಹೊರಗೆ ಅಪಾಯ ಇರುವಾಗ ಒಳಗಿನ ಗಾಯ ಬಿಚ್ಚಬಹುದೇ? 159 ಜನರನ್ನು ಸೇರಿಸಿ ಮಾಡಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ಕಾಯುವ ಪಟ್ಟಿಯವರಿಗಿಂತ ಬರೆದವರು ಸ್ಪಷ್ಟವಾಗಿ ಸುಧಾರಿಸಿದ್ದರು. ದೇಶ ಶಾಂತವಾಗಲಿ, ಆಮೇಲೆ ಮನಸ್ಸಿನ ಕತೆ ನೋಡೋಣ ಅಂತ ಯಾರೂ ಕಾಯಬೇಕಾಗಿಲ್ಲ ಅನ್ನೋದು ಅದರಿಂದ ಗೊತ್ತಾಯಿತು. ನನ್ನ ಪ್ರಕಾರ ಆನ್‌ಲೈನ್ ಥೆರಪಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ. ಶೇರು ಮಾರುಕಟ್ಟೆಗೆ ಹೋದ ಆ್ಯಪ್‌ಗಳ ಸುದ್ದಿ ಆಮೇಲಿನದು.

ಭಾಷೆಯ ಮಾತು ಬಂದದ್ದಕ್ಕೆ ನನ್ನ ಕಾರಿಗೆ ವಾಪಸ್ ಬರುತ್ತೇನೆ. ಗುರುಗ್ರಾಮದ ಡಾಕ್ಟರಮ್ಮ ನನಗೂ ಇದೇ ಥರದ ಕೆಲಸ ಕೊಟ್ಟರು: ಆ ರಾತ್ರಿಯನ್ನು ವರ್ತಮಾನದಲ್ಲಿ ಬರೆಯಿರಿ. ಅವರಿಗೆ ಬರೋದು ಹಿಂದಿ, ಇಂಗ್ಲಿಷು. ನಾನು ಇಂಗ್ಲಿಷಿನಲ್ಲಿ ಬರೆದೆ. ಎರಡು ಪುಟ. ಓದಿ ನೋಡಿದರೆ ಅದು ನಾನು ಆಫೀಸಿನಲ್ಲಿ ಸರ್ವರ್ ಬಿದ್ದಾಗ ಬರೆಯುವ ಆರ್‌ಸಿಎ ರಿಪೋರ್ಟಿನ ಥರವೇ ಇತ್ತು! ಎರಡೂವರೆಗೆ ಘಟನೆ, ಎರಡು ಮೂವತ್ತೈದಕ್ಕೆ ಕಿಟಕಿ ಒಡೆದದ್ದು, ಮೂರೂ ಹತ್ತಕ್ಕೆ ಆಂಬುಲೆನ್ಸ್, ಕಾರಣ: ಇಂಡಿಕೇಟರ್ ಇಲ್ಲದೆ ನಿಂತಿದ್ದ ಲಾರಿ. ಒಂದು ಹನಿ ಬೆವರೂ ಬರಲಿಲ್ಲ. ಬಸ್ಸಿನೊಳಗೆ ಯಾರೂ ಇಂಗ್ಲಿಷಿನಲ್ಲಿ ಕೂಗಿರಲಿಲ್ಲ. ಕ್ಲೀನರ್ ಹುಡುಗ ‘ಗ್ಲಾಸ್ ಒಡೀರಿ, ಗ್ಲಾಸ್ ಒಡೀರಿ’ ಅಂತ ಕೂಗಿದ್ದ. ಮುಂದಿನ ಸೀಟಿನವರು ನನ್ನ ಕೈ ಹಿಡಿದು ‘ತಮ್ಮಾ, ನನ್ನ ಚೀಲ’ ಅಂದಿದ್ದರು. ಆ ‘ತಮ್ಮಾ’ವನ್ನು ಇಂಗ್ಲಿಷಿಗೆ ಹಾಕಿದರೆ ಏನೂ ಉಳಿಯುವುದಿಲ್ಲ. ಅದು ಉಳಿಯದಿದ್ದರೆ ನನ್ನ ಭಯವೂ ಆ ಕಾಗದದ ಮೇಲೆ ಬರುವುದಿಲ್ಲ. ಭಯ ಬರದಿದ್ದರೆ ಥೆರಪಿಯಲ್ಲಿ ಮಾಡುವ ಕೆಲಸವೂ ಇಲ್ಲ.

ಇದನ್ನು ಅವರಿಗೆ ಹೇಳಿದೆ. ಕನ್ನಡದಲ್ಲಿ ಬರೀರಿ ಅಂದರು. ನಿಮಗೆ ಅರ್ಥವಾಗಲ್ಲವಲ್ಲ ಅಂದೆ. ಬರೆದು ನನಗೆ ಓದಿ ಹೇಳಿ, ನಾನು ಕೇಳ್ತಾ ಕೂತಿರ್ತೀನಿ ಅಂದರು.

ಅದಿರಲಿ, ಫಲಿತಾಂಶದ ವಿಷಯಕ್ಕೆ ಬರೋಣ. ‘ಎದುರು ಕೂತು ಮಾಡಿದಷ್ಟೇ ಚೆನ್ನಾಗಿ ಆಗುತ್ತಾ?’ ಅನ್ನೋ ಪ್ರಶ್ನೆಗೆ ಇರುವ ಒಳ್ಳೆಯ ಉತ್ತರಗಳಲ್ಲೊಂದು ಬ್ರಿಟನ್ನಿನದು. ಕಾರ್ಡಿಫ್ ವಿಶ್ವವಿದ್ಯಾಲಯದ ಜೊನಾಥನ್ ಬಿಸನ್ ಮತ್ತು ಸಂಗಡಿಗರು ‘ಸ್ಪ್ರಿಂಗ್’ ಎಂಬ ಎಂಟು ಮೆಟ್ಟಿಲಿನ ಆನ್‌ಲೈನ್ ಕಾರ್ಯಕ್ರಮವನ್ನು ಮುಖಾಮುಖಿ ಥೆರಪಿಯ ಎದುರು ಇಟ್ಟು ನೋಡಿದರು. 196 ಜನ. ಆನ್‌ಲೈನಿನವರಿಗೆ ಥೆರಪಿಸ್ಟಿನ ಸಮಯ ಸಿಕ್ಕಿದ್ದು ಹೆಚ್ಚೆಂದರೆ ಮೂರು ಗಂಟೆ. ಎದುರು ಕೂತವರಿಗೆ ಹನ್ನೆರಡು ಸೆಷನ್ನುಗಳವರೆಗೆ. 16 ವಾರದ ಕೊನೆಗೆ ಇವರು ಅವರಿಗಿಂತ ಹಿಂದೆ ಬಿದ್ದಿರಲಿಲ್ಲ. 2022ರಲ್ಲಿ ಇದು ‘ಬಿಎಂಜೆ’ಯಲ್ಲಿ ಬಂತು. ಆದರೆ ಸಣ್ಣ ಅಕ್ಷರವನ್ನೂ ಓದಬೇಕು. ಇವರೆಲ್ಲ ಒಂದೇ ಒಂದು ಘಟನೆಯಿಂದ ಪೆಟ್ಟು ತಿಂದವರು, ಲಕ್ಷಣಗಳು ಮಧ್ಯಮ ಮಟ್ಟದೊಳಗೆ ಇದ್ದವರು. ಒಂದು ವರ್ಷದ ನಂತರದ ಲೆಕ್ಕ ಅಷ್ಟು ಖಚಿತವಾಗಿ ನಿಲ್ಲಲಿಲ್ಲ. ಬಾಲ್ಯವಿಡೀ ಮನೆಯಲ್ಲೇ ಪೆಟ್ಟು ತಿಂದವರಿಗೆ, ಇವತ್ತೂ ಅದೇ ಮನೆಯಲ್ಲಿ ಇರುವವರಿಗೆ ಈ ಅಂಕಿಗಳನ್ನು ತೋರಿಸಿ ‘ಆ್ಯಪ್ ಹಾಕ್ಕೊಳ್ಳಿ’ ಅನ್ನುವುದು ಅನ್ಯಾಯ. ಹೊಡೆಯುವವನು ಪಕ್ಕದ ಕೋಣೆಯಲ್ಲೇ ಇದ್ದರೆ ಲ್ಯಾಪ್‌ಟಾಪ್ ತೆರೆದು ಬರೆಯುವುದೆಲ್ಲಿ? ನನಗಾದರೂ ಕಾರು ಇತ್ತು.

ಬರೆದದ್ದು ಎಲ್ಲಿ ಹೋಗುತ್ತದೆ ಅನ್ನೋದು ಇನ್ನೊಂದು ಭಯ. ಅದು ಕಾಲ್ಪನಿಕ ಭಯವಲ್ಲ. ಫಿನ್ಲೆಂಡಿನಲ್ಲಿ ‘ವಸ್ತಾಮೊ’ ಎಂಬ ಖಾಸಗಿ ಥೆರಪಿ ಸಂಸ್ಥೆ ಇತ್ತು. ಅದರ ಕಂಪ್ಯೂಟರುಗಳಿಂದ ಸುಮಾರು 33,000 ಜನರ ದಾಖಲೆ ಕಳ್ಳತನವಾಗಿತ್ತು. ಥೆರಪಿಸ್ಟುಗಳು ಬರೆದುಕೊಂಡಿದ್ದ ಟಿಪ್ಪಣಿಗಳೂ ಸೇರಿ. 2020ರ ಅಕ್ಟೋಬರಿನಲ್ಲಿ ಪೇಷಂಟುಗಳಿಗೇ ನೇರವಾಗಿ ಈಮೇಲ್ ಬಂತು: 24 ಗಂಟೆಯೊಳಗೆ 200 ಯೂರೋ ಬಿಟ್‌ಕಾಯಿನ್ ಕೊಡಿ, ಇಲ್ಲದಿದ್ದರೆ ನೀವು ಹೇಳಿಕೊಂಡದ್ದೆಲ್ಲ ಲೋಕಕ್ಕೆ ಗೊತ್ತಾಗುತ್ತೆ. ಯೋಚನೆ ಮಾಡಿ. ಎಷ್ಟೋ ವರ್ಷ ತಡೆದು ತಡೆದು, ಕೊನೆಗೆ ಒಬ್ಬರ ಹತ್ತಿರ ಬಾಯಿಬಿಟ್ಟ ಮಾತು. ಸಂಸ್ಥೆ 2021ರಲ್ಲಿ ದಿವಾಳಿಯಾಯಿತು. 2024ರಲ್ಲಿ ಅಪರಾಧಿಗೆ ಆರು ವರ್ಷ ಚಿಲ್ಲರೆ ಶಿಕ್ಷೆಯಾಯಿತು. ಅಮೆರಿಕದಲ್ಲಿ ‘ಬೆಟರ್‌ಹೆಲ್ಪ್’ ಗ್ರಾಹಕರ ಮಾಹಿತಿಯನ್ನು ಫೇಸ್‌ಬುಕ್‌ನಂಥ ಕಂಪನಿಗಳಿಗೆ ಜಾಹೀರಾತಿಗಾಗಿ ಕೊಟ್ಟಿದೆ ಎಂದು ಅಲ್ಲಿನ ವ್ಯಾಪಾರ ಆಯೋಗ ಆರೋಪ ಹೊರಿಸಿ, 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ಇಷ್ಟು ಓದಿದ ಮೇಲೆ ನಾನು ನನ್ನ ಆ್ಯಪಿನ ಪ್ರೈವಸಿ ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ. ಓದಿ ಆದಮೇಲೆ, ಬರೆದದ್ದನ್ನು ಅಪ್‌ಲೋಡ್ ಮಾಡುವುದು ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಇನ್ನೂರು ಪುಟದ, ಗೆರೆ ಹಾಕಿದ, ಸ್ಕೂಲ್ ಮಕ್ಕಳ ನೋಟ್‌ಬುಕ್ಕು.

ನಮ್ಮೂರಿನ ಕತೆ ಹೇಳದೆ ಮುಗಿಸಬಾರದು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಪಿಟಿಎಸ್‌ಡಿ ಎಂಬ ಹೆಸರು ಕೈಪಿಡಿ ಸೇರಿ ಒಂದು ವರ್ಷವಾಗಿತ್ತಷ್ಟೇ. ನಿಮ್ಹಾನ್ಸ್‌ನವರು ಮಕ್ಕಳನ್ನು ಕಳೆದುಕೊಂಡ ಕುಟುಂಬಗಳನ್ನು ಕಂಡು, ಅವರ ದುಃಖದ ಸ್ವರೂಪವನ್ನು ಅಧ್ಯಯನ ಮಾಡಿ ಬರೆದರು. ಆಮೇಲೆ 1984ರ ಭೋಪಾಲ್, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ. ಪ್ರತಿ ದೊಡ್ಡ ದುರಂತದ ಜಾಗಕ್ಕೂ ಹೊಸೂರು ರಸ್ತೆಯ ಆ ಸಂಸ್ಥೆಯಿಂದ ಜನ ಹೋದರು. ಡಾಕ್ಟರುಗಳು ಎಲ್ಲರಿಗೂ ಸಾಲುವುದಿಲ್ಲ ಅನ್ನೋದು ಗೊತ್ತಿದ್ದರಿಂದ ಊರಿನವರಿಗೇ, ಅಂಗನವಾಡಿ, ಶಾಲೆ ಅಂತ ಓಡಾಡುವವರಿಗೇ ಕೇಳಿಸಿಕೊಳ್ಳುವ ಕೆಲಸ ಕಲಿಸಿದರು. ಪಕ್ಕದ ತಮಿಳುನಾಡಿನಲ್ಲಿ ಸ್ಕಾರ್ಫ್ ಸಂಸ್ಥೆ 2010ರಿಂದ ಪುದುಕ್ಕೋಟ್ಟೈ ಜಿಲ್ಲೆಯ ಹಳ್ಳಿಗಳಿಗೆ ಟೀವಿ ಪರದೆ ಕೂರಿಸಿದ ಬಸ್ಸನ್ನೇ ಕಳಿಸಿತು. ಬಸ್ಸಿನಲ್ಲಿ ಪೇಷಂಟು, ಚೆನ್ನೈಯಲ್ಲಿ ಡಾಕ್ಟರು.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಮುನ್ನಡೆಸಿದ್ದೂ ನಿಮ್ಹಾನ್ಸೇ. ಮಾನಸಿಕ ತೊಂದರೆ ಇರುವವರಲ್ಲಿ ಚಿಕಿತ್ಸೆ ಸಿಗದವರೇ ಹೆಚ್ಚು, ಕಾಯಿಲೆಯಿಂದ ಕಾಯಿಲೆಗೆ ಶೇ. 70ರಿಂದ 92ರವರೆಗೆ ಅಂತ ಅದು ಲೆಕ್ಕ ಕೊಟ್ಟಿತು. ಫೋನ್, ವಿಡಿಯೋ ಮೂಲಕ ವೈದ್ಯ ನೋಡಬಹುದು ಅನ್ನುವ ಸ್ಪಷ್ಟ ನಿಯಮ ನಮ್ಮ ದೇಶದಲ್ಲಿ ಬಂದದ್ದು 2020ರ ಮಾರ್ಚ್ 25ರಂದು. ಲಾಕ್‌ಡೌನಿನ ಮೊದಲ ದಿನ. ಎರಡೂವರೆ ವರ್ಷದ ನಂತರ, 2022ರ ಅಕ್ಟೋಬರ್ 10ರಂದು, ‘ಟೆಲಿ ಮಾನಸ್’ ಶುರುವಾಯಿತು. ಅದರ ಮುಖ್ಯ ಕೇಂದ್ರವೂ ನಿಮ್ಹಾನ್ಸ್, ತಂತ್ರಜ್ಞಾನ ಬೆಂಗಳೂರಿನ ಐಐಐಟಿಯದು. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ, ಹಗಲು ರಾತ್ರಿ ಇಲ್ಲ.

ಅದನ್ನೂ ನಾನು ಒಂದು ರಾತ್ರಿ ಎರಡೂವರೆಗೆ ಪರೀಕ್ಷೆ ಮಾಡಿದ್ದೇನೆ. ಭಾಷೆ ಆಯ್ಕೆ ಮಾಡಿಕೊಳ್ಳಿ ಅಂದಾಗ ಕನ್ನಡ ಒತ್ತಿದೆ. ಒಬ್ಬ ಹೆಂಗಸು, ದನಿ ಕೇಳಿದರೆ ನನಗಿಂತ ಚಿಕ್ಕವರು, ಕರಾವಳಿ ಕಡೆಯವರಿರಬೇಕು, ‘ಹೇಳಿ, ಎಂತ ಆಯ್ತು?’ ಅಂದರು. ಅಷ್ಟಕ್ಕೇ ನನಗೆ ಗಂಟಲು ಕಟ್ಟಿತು. ಇಪ್ಪತ್ತು ನಿಮಿಷ ಮಾತಾಡಿದೆವು. ಅದು ಪೂರ್ತಿ ಥೆರಪಿ ಅಲ್ಲ, ಆ ರಾತ್ರಿ ದಾಟಿಸುವ ಕೆಲಸ. ಅಷ್ಟನ್ನು ಅವರು ಮಾಡಿದರು. ಆಮ್‌ಸ್ಟರ್‌ಡ್ಯಾಮಿನ ಆ ಹತ್ತು ಪತ್ರಗಳ ಹಾಗೆ, ಶುರುವಿನಿಂದ ಬೀಳ್ಕೊಡುಗೆಯವರೆಗೆ ಕನ್ನಡದಲ್ಲೇ ನಡೆಸಿ, ಕನ್ನಡದಲ್ಲೇ ಓದಿ ಉತ್ತರ ಬರೆಯುವಂಥದ್ದು ನಾನು ಹುಡುಕಿದಾಗ ನನ್ನ ಕೈಗೆ ಸಿಗಲಿಲ್ಲ. ಬಾಗ್ದಾದಿನವರಿಗೆ ಸಿಕ್ಕಿದ್ದು ಬಳ್ಳಾರಿಯವರಿಗೆ, ಬಾಗಲಕೋಟೆಯವರಿಗೆ ಸಿಗಬಾರದು ಅಂತ ಏನಿದೆ? ಇದನ್ನು ಓದುತ್ತಿರುವವರಲ್ಲಿ ಸೈಕಾಲಜಿ ಓದಿದವರಿದ್ದರೆ, ಕೋಡ್ ಬರೆಯುವವರಿದ್ದರೆ, ನನ್ನ ಈಮೇಲ್ ನಿಮಗೆ ಗೊತ್ತಿದೆ.

ಡಾಕ್ಟರಮ್ಮನಿಗೆ ಕನ್ನಡದಲ್ಲಿ ಓದಿದ ದಿನದ ಮಾತು ಬಾಕಿ ಇದೆ. ನೋಟ್‌ಬುಕ್ಕಿನಲ್ಲಿ ಒಂಬತ್ತು ಪುಟ ಆಗಿತ್ತು. ಕಾರಿನೊಳಗಿನ ಲೈಟ್ ಹಾಕ್ಕೊಂಡು ಓದಿದೆ. ‘ಗ್ಲಾಸ್ ಒಡೀರಿ’ ಬಂದಾಗ ನಿಲ್ಲಿಸಿದೆ, ಅವರು ಸ್ಕ್ರೀನಿನಲ್ಲಿ ಹಾಗೇ ಇದ್ದರು, ಮತ್ತೆ ಓದಿದೆ. ‘ತಮ್ಮಾ’ ಬಂದಾಗ ಬಹಳ ಹೊತ್ತು ನಿಲ್ಲಿಸಿದೆ. ಮುಗಿದ ಮೇಲೆ, ಆ ಪದದ ಅರ್ಥ ಏನು ಅಂತ ಅವರು ಕೇಳಿದರು. ಹೇಳಿದೆ. ಇನ್ನೊಂದ್ಸಲ ಮೊದಲಿಂದ ಓದ್ತೀರಾ ಅಂದರು. ಎರಡನೇ ಸಲದ ನಡುವಿನಲ್ಲಿ ಯಾರೋ ಕಿಟಕಿಯ ಗಾಜು ತಟ್ಟಿದರು. ಬೆಚ್ಚಿದೆ, ಆದರೆ ಸೀಟಿನಿಂದ ಕೆಳಗೆ ಇಳಿಯಲಿಲ್ಲ. ಸೆಕ್ಯೂರಿಟಿ ಅಣ್ಣ. ಗ್ಲಾಸ್ ಇಳಿಸಿದೆ.

‘ಸಾರ್, ಒಂದು ಗಂಟೆಯಿಂದ ಲೈಟ್ ಹಾಕ್ಕೊಂಡೇ ಕೂತಿದೀರಲ್ಲ, ಬ್ಯಾಟರಿ ಇಳಿಯತ್ತೆ ನೋಡಿ.’

ಮರುದಿನ ಬೆಳಿಗ್ಗೆ ಕಾರ್ ಸ್ಟಾರ್ಟ್ ಆಗಲಿಲ್ಲ.